ಎರಡು ಗೇಣು, ಆರು ಬೆರಳು

ನಮ್ಮ ಮಾವ ಮೂರು ತಿಂಗಳ ಮಟ್ಟಿಗೆಂದು ಕೌಲಾಲಂಪುರಕ್ಕೆ ಬಂದಿದ್ದರು. ಅವರು ಬಂದ ಎರಡೇ ವಾರಕ್ಕೆ ಕೊರೊನಾದಿಂದ ಊರು ಬಂದ್ ಆಯಿತು, ವಿಮಾನಗಳು ನಿಂತವು, ಗಡಿ ಮುಚ್ಚಿತು. ಮಾಂಟ್ ಕಿಯಾರಾದ ಹತ್ತೊಂಬತ್ತನೆಯ ಮಹಡಿಯ ಮನೆಯಲ್ಲಿ ಮೂವರು ಸಿಕ್ಕಿಕೊಂಡೆವು: ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿ ನಿವೃತ್ತರಾದ ಮಾವ, ಅವರ ಒಬ್ಬನೇ ಮಗನಾದ ನನ್ನ ಗಂಡ, ಮೈಸೂರಿನವಳಾದ ನಾನು.

ಮೂವರಲ್ಲಿ ಹೆಚ್ಚು ಸಿಕ್ಕಿಕೊಂಡವಳು ನಾನೇ ಎಂದು ಆಗ ನನಗೆ ಖಾತ್ರಿಯಿತ್ತು. ಗಂಡನಿಗೆ ಬೆಳಗಿನಿಂದ ಸಂಜೆಯವರೆಗೆ ಮೀಟಿಂಗುಗಳಿದ್ದವು. ನನ್ನದು ಅವನ ವೀಸಾದ ಬಾಲಕ್ಕೆ ಕಟ್ಟಿದ ವೀಸಾ. ಅದರಲ್ಲಿ ಅಡುಗೆ ಮಾಡಬಹುದು, ಉಣ್ಣಬಹುದು, ಕೆಲಸ ಮಾಡುವ ಹಾಗಿಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಮೂರು ವರ್ಷ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ಮರುವರ್ಷದ ಜೂನ್ ತಿಂಗಳೊಳಗೆ ಹೋಗಿ ಹಾಜರಾಗದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲು. ಗಂಡನ ಕಾಂಟ್ರಾಕ್ಟ್ ಅದೇ ವರ್ಷದ ಮಾರ್ಚಿಗೆ ಮುಗಿಯುತ್ತಿತ್ತು, ಮುಗಿದ ಕೂಡಲೇ ಹೊರಟುಬಿಡೋಣ ಎಂದು ಅವನು ಮಾತು ಕೊಟ್ಟಿದ್ದ. ಆ ಮಾತಿನ ಮೇಲೆ ನಾನು ದಿನ ಎಣಿಸುತ್ತಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದುದನ್ನು ನೋಡಿ ಗಂಡ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಕಟ್ಟಡದ ನಿಯಮಗಳೇ ಒಂದು ಪುರಾಣವಾಗಿದ್ದವು. ಮನೆಗೊಬ್ಬರು ಮಾತ್ರ ಸಾಮಾನು ತರಲು ಹೋಗಬೇಕು. ಈಜುಕೊಳ ಬಂದ್, ತೋಟ ಬಂದ್. ಅರವತ್ತು ದಾಟಿದವರು ಕೆಳಗಿನ ಲಾಬಿಗೂ ಬರಬಾರದು. ಮಾವ ಒಂದು ದಿನ ಲಾಬಿಯ ಬಾಗಿಲ ತನಕ ಹೋಗಿ ಮಳೆ ನೋಡುತ್ತ ನಿಂತದ್ದಕ್ಕೆ ಕಾವಲುಗಾರ ಓಡಿಬಂದು, "ಅಂಕಲ್ ಕೆನಾಟ್ ಲಾ, ಅಂಕಲ್ ಗೋ ಅಪ್" ಎಂದು ವಾಪಸು ಕಳಿಸಿದ್ದ. ಆದರೆ ಕಾರು ನಿಲ್ಲಿಸುವ ಬೇಸ್‌ಮೆಂಟಿಗೆ ಹೋಗಬಾರದೆಂದು ಬರೆಯಲು ಮಾತ್ರ ಆಡಳಿತದವರು ಮರೆತಿದ್ದರು. ಹೀಗಾಗಿ ದಿನಾ ಸಂಜೆ ನಾನು, ಮಾವ ಲಿಫ್ಟಿನಲ್ಲಿ ಬೇಸ್‌ಮೆಂಟಿಗೆ ಇಳಿದು, ಟ್ಯೂಬ್‌ಲೈಟುಗಳ ಕೆಳಗೆ, ನಿಂತ ಕಾರುಗಳ ನಡುವೆ ವಾಯುಸೇವನೆ ಮಾಡುತ್ತಿದ್ದೆವು. ಪೆಟ್ರೋಲಿನ ವಾಸನೆಯ ವಾಯು.

ಮಾವನಿಗೆ ಅದು ಹಬ್ಬವಾಗಿತ್ತು. ಧೂಳು ಹಿಡಿದು ಸಾಲಾಗಿ ನಿಂತ ಕಾರುಗಳನ್ನು ಆಸ್ಪತ್ರೆಯ ವಾರ್ಡಿನಲ್ಲಿ ಡಾಕ್ಟರು ನೋಡುವ ಹಾಗೆ ನೋಡಿಕೊಂಡು ಹೋಗುತ್ತಿದ್ದರು. "ನೋಡವಾ, ಇದರ ಟೈರು ಒಳಗಿಂದ ತಿಂದೈತಿ. ಯಾರೋ ಫುಟ್‌ಪಾತಿಗೆ ಗುದ್ಯಾರ." "ಇದು ಎಣ್ಣಿ ಕಾರಾಕತ್ತೇತಿ, ಯಜಮಾನಗ ಗೊತ್ತಿಲ್ಲ." ನಮ್ಮ ಮಹಡಿಯಲ್ಲಿಯೂ ಅವರ ಹೆಸರು ಹಬ್ಬಿತ್ತು. ಎದುರುಮನೆಯ ತಮಿಳು ಅಜ್ಜಿಯ ಮಿಕ್ಸಿ, ಪಕ್ಕದವರ ಫ್ಯಾನು, ನಮ್ಮ ಅಡುಗೆಮನೆಯ ನಲ್ಲಿ, ಎಲ್ಲವನ್ನೂ ಅವರು ಕೈಯಿಟ್ಟು ನೋಡಿ, ಕಿವಿಯಿಟ್ಟು ಕೇಳಿ ಸರಿಮಾಡಿದ್ದರು. ಮೂವತ್ತಾರು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿದವರು. ಬೆಳಗಿನ ಮೊದಲ ಬಸ್ಸು ಅವರು ಬಾನೆಟ್ ತಟ್ಟಿ ಹೂಂ ಎನ್ನದೆ ಡಿಪೋ ಬಿಟ್ಟು ಹೊರಡುತ್ತಿರಲಿಲ್ಲವಂತೆ. ಆ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳುತ್ತಲೇ ಇದ್ದೆ.

ಅದೇ ಬೇಸ್‌ಮೆಂಟಿನಲ್ಲಿ ಒಂದು ಸಂಜೆ ಆ ಜೀಪು ಕಣ್ಣಿಗೆ ಬಿತ್ತು. ಗಾಢ ಹಸಿರು ಬಣ್ಣ, ಎದೆಯೆತ್ತರದ ಬಾನೆಟ್, ಒಳಗೆ ಕಂದು ಚರ್ಮದ ಸೀಟುಗಳು. ಏಳು ವರ್ಷ ಹಳೆಯದು. ಗಾಜಿಗೆ ಒಂದು ಚೀಟಿ ಅಂಟಿಸಿತ್ತು: ಮಾರಾಟಕ್ಕಿದೆ, ಮಾಲೀಕರು ದೇಶ ಬಿಡುತ್ತಿದ್ದಾರೆ. ಹನ್ನೆರಡನೆಯ ಮಹಡಿಯ ಒಬ್ಬ ಬಿಳಿಯನದು. ಅವನ ಕಂಪನಿ ಅವನನ್ನು ಕೈಬಿಟ್ಟಿತ್ತು, ಅವನ ದೇಶ ಅವನಿಗಾಗಿ ವಿಮಾನ ಕಳಿಸುತ್ತಿತ್ತು. ಚೀಟಿ ಓದಿ ನನಗೆ ಹೊಟ್ಟೆಕಿಚ್ಚಾದದ್ದು ಜೀಪಿನ ಬಗ್ಗೆ ಅಲ್ಲ.

ನಾನು ಮಾಡಿದ ತಪ್ಪೆಂದರೆ ಊಟದ ಹೊತ್ತಿಗೆ ಆ ವಿಷಯ ಎತ್ತಿದ್ದು. ಮರುದಿನ ಗಂಡ ತಾನೇ ಇಳಿದು ನೋಡಿಬಂದ. ಬಂದವನ ಮುಖದಲ್ಲಿ, ಹೆಣ್ಣು ನೋಡಲು ಬಂದಾಗಲೂ ನಾನು ಕಾಣದ ಕಳೆ ಇತ್ತು. ಹೊಸತರ ಬೆಲೆಯ ಕಾಲುಭಾಗಕ್ಕೆ ಸಿಗುತ್ತದಂತೆ. ರಾಜ್ಯಗಳ ಗಡಿ ತೆರೆದ ಮೇಲೆ ಕ್ಯಾಮೆರಾನ್ ಬೆಟ್ಟ ಹತ್ತಬಹುದಂತೆ, ಕಾಡಿನ ದಾರಿಯಲ್ಲಿ ಪೂರ್ವದ ಕಡಲಿನವರೆಗೆ ಹೋಗಬಹುದಂತೆ. ಮನೆಯಿಂದ ಹತ್ತು ಕಿಲೋಮೀಟರು ದಾಟಿದರೆ ಪೊಲೀಸರು ಹಿಡಿಯುತ್ತಿದ್ದ ದಿನಗಳಲ್ಲಿ ಅವನು ಕಾಡು ಮೇಡಿನ ಕನಸು ಕಾಣತೊಡಗಿದ.

ಆಮೇಲಿನ ಹತ್ತು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಗಂಡ ಕಂಪ್ಯೂಟರಿನಲ್ಲಿ ಎರಡು ಕಾಲಂ ಮಾಡಿದ: ಈ ಜೀಪಿನಲ್ಲಿ ಏನೇನು ಕೆಡುತ್ತದೆ, ಕೆಟ್ಟರೆ ಎಷ್ಟಾಗುತ್ತದೆ. ಅಂಥ ಜೀಪು ಕೊಂಡವರು ಬರೆದುಕೊಂಡದ್ದನ್ನೆಲ್ಲ ಓದಿದ. ಅವರಲ್ಲಿ ಅರ್ಧ ಜನ ಇದರಂಥ ಗಾಡಿ ಭೂಮಿ ಮೇಲಿಲ್ಲ ಎನ್ನುತ್ತಿದ್ದರು, ಉಳಿದರ್ಧ ಜನ ಗ್ಯಾರೇಜಿನಲ್ಲಿ ಕೂತು ಬರೆದಿದ್ದರು. ಎಂಜಿನ್ ಚೈನಿನಿಂದ ಹಿಡಿದು ಸ್ಕ್ರೀನಿನವರೆಗೆ ಒಂದೊಂದಕ್ಕೂ ಒಂದೊಂದು ಕಥೆ. ಬಿಡಿಭಾಗಗಳು ಹಡಗಿನಲ್ಲಿ ಬರಬೇಕು, ಹಡಗುಗಳೇ ಬಂದರಿನಲ್ಲಿ ಕೂತಿದ್ದವು. ಮದುವೆಗೆ ಮುಂಚೆ ನನ್ನ ಬಗ್ಗೆ ಇದರ ಹತ್ತನೇ ಒಂದು ಪಾಲೂ ವಿಚಾರಿಸಿರಲಿಲ್ಲವಲ್ಲ ಎಂದು ಕೆಣಕಿದೆ.

"ನಿಂದು ರಿಪೇರಿ ಖರ್ಚು ಇಷ್ಟ ಇರಲಿಲ್ಲ" ಎಂದ. ಮಾವ ಕೂಡ ನಕ್ಕರು.

ಮಾವ ಸ್ನಾನಕ್ಕೆ ಎದ್ದುಹೋದ ಮೇಲೆ ನಾನು ನಗುತ್ತಲೇ ಕೇಳಿದೆ: "ಮಾರ್ಚಿಗೆ ಹೊರಡೋರಿಗೆ ಜೀಪ್ ಯಾಕೆ?"

ಅವನು ಸ್ಕ್ರೀನಿನಿಂದ ಕಣ್ಣು ಎತ್ತದೆ ಹೇಳಿದ: "ಇಂಥಾ ಗಾಡಿ ತಗೊಂಡ ಮ್ಯಾಲೆ ಎರಡು ವರ್ಷನರ ಇಟ್ಕೋಬೇಕು. ಲಗೂನ ಮಾರಿದ್ರ ಪೂರಾ ಲಾಸ್. ಕಾಂಟ್ರಾಕ್ಟ್ ರಿನ್ಯೂ ಮಾಡಿದ್ರ ಆತು. ಈಗರ ಎಲ್ಲಿಗೆ ಹೋಗ್ತಿ, ವಿಮಾನನ ಇಲ್ಲ."

ಹೀಗೆ ಎಷ್ಟು ಸಲೀಸಾಗಿ ನನ್ನ ಜೂನ್ ತಿಂಗಳು ಹೋಯಿತು! ಜಗಳವಾಡಬಹುದಿತ್ತು. ಆದರೆ ಜಗಳವಾಡಿ ಎದ್ದುಹೋಗಲು ಇನ್ನೊಂದು ಕೋಣೆಯೂ ಇಲ್ಲದ ಕಾಲ ಅದು. ಒಂದರಲ್ಲಿ ಮಾವ, ಒಂದರಲ್ಲಿ ಗಂಡನ ಆಫೀಸು, ಉಳಿದದ್ದು ಅಡುಗೆಮನೆ. ವಿಮಾನವಿಲ್ಲ ಎಂಬುದೂ ನಿಜವೇ ಆಗಿತ್ತು. ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟೆ. ಕಾಲೇಜಿನ ರಜೆಯ ಗಡುವು ಮಾವನಿಗೆ ಗೊತ್ತಿರಲಿಲ್ಲ. ಅವರ ಹತ್ತಿರ ಹೇಳಿಕೊಳ್ಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಕೊನೆಗೆ ಎಲ್ಲವೂ ಬಂದು ನಿಂತದ್ದು ಗಾಳಿಯ ಮೇಲೆ. ಈ ಜಾತಿಯ ಜೀಪಿಗೆ ಸ್ಪ್ರಿಂಗುಗಳಿಲ್ಲ, ನಾಲ್ಕು ಗಾಲಿಗಳ ಮೇಲೆ ನಾಲ್ಕು ರಬ್ಬರಿನ ಗಾಳಿಚೀಲಗಳು. ವಯಸ್ಸಾದಂತೆ ಚೀಲ ಬಿರಿಯುತ್ತದೆ, ಗಾಳಿ ಸೋರುತ್ತದೆ, ಅದನ್ನು ತುಂಬಿ ತುಂಬಿ ಕಂಪ್ರೆಸರ್ ಸುಟ್ಟುಹೋಗುತ್ತದೆ. ಒಂದು ಚೀಲ ಹೋದರೆ ಉಳಿದವೂ ಹಿಂದೆಯೇ ಹೊರಡುತ್ತವೆ. ಗಂಡ ಫೋನಿನಲ್ಲಿ ವಿಚಾರಿಸಿದ ಗ್ಯಾರೇಜಿನವನು, ಬೇರೆ ಏನು ಕೆಟ್ಟರೂ ಸಂಭಾಳಿಸಬಹುದು, ಚೀಲ ಸೋರುತ್ತಿದ್ದರೆ ಮಾತ್ರ ಮುಟ್ಟಬೇಡ ಎಂದಿದ್ದ. ಹಗಲು ಹೊತ್ತು ಇದು ಗೊತ್ತಾಗುವುದಿಲ್ಲ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಕಂಪ್ರೆಸರ್ ಗಾಳಿ ತುಂಬಿ ಮೈ ಸಮ ಮಾಡಿಬಿಡುತ್ತದೆ. ಸಂಜೆ ಅಳತೆ ಮಾಡಿ, ಮುಟ್ಟದೆ ಬಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮತ್ತೆ ಅಳೆಯಬೇಕು. ಮಾಲೀಕ ಒಪ್ಪಿ ಬೀಗದ ಕೈ ಕೊಟ್ಟ. ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಬ್ಬರಿಗೆ ಓಡಿಸಿ ತೋರಿಸಬೇಕು, ಅಷ್ಟರೊಳಗೆ ಹೇಳಿ ಎಂದ.

ಆ ಸಂಜೆ ಮಾವ ಲುಂಗಿ ಬಿಚ್ಚಿ ಹಳೆಯ ಪ್ಯಾಂಟು ಹಾಕಿಕೊಂಡರು. ಆಯಿಲ್ ಕಡ್ಡಿ ಎಳೆದು, ಬೆರಳಿನಲ್ಲಿ ಉಜ್ಜಿ, ಮೂಸಿದರು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿ ಕೇಳಿದರು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದೊಂದು ಗಾಳಿಚೀಲಕ್ಕೂ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಸಿಮೆಂಟಿನ ಮೇಲೆ ಮಲಗಿ ನೋಡಿದರು. ಎಡಗಡೆಯ ಹಿಂದಿನ ಗಾಲಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತೇ ಕಿವಿಗೊಟ್ಟು ಮಲಗಿದ್ದರು. ಎದ್ದಾಗ ಬೆನ್ನೆಲ್ಲ ಮಸಿ, ಮುಖವೆಲ್ಲ ನಗು.

"ಗಾಡಿ ಗಟ್ಟಿ ಐತಿ" ಎಂದರು. "ನನಗರ ಏನೂ ಕಾಣವಲ್ದು. ಬೆಳಿಗ್ಗೆ ಹಿಂಗ ನಿಂತಿದ್ರ ಕಣ್ಣು ಮುಚ್ಚಿ ತಗೋ."

ಗಾಲಿಯ ನಡುಬಿಂದುವಿನಿಂದ ಮೇಲಿನ ಕಮಾನಿನವರೆಗೆ ಅವರು ಗೇಣು ಹಾಕಿ ಅಳೆದರು. ಎರಡು ಗೇಣು, ಮೂರು ಬೆರಳು. ನಾಲ್ಕು ಗಾಲಿಗೂ ಅಷ್ಟೇ. ಮನೆಯಲ್ಲಿ ಅಳತೆಯ ಟೇಪಿರಲಿಲ್ಲ, ಅಂಗಡಿಗಳು ಮುಚ್ಚಿದ್ದವು. ಇದ್ದಿದ್ದರೂ ಅವರು ಮುಟ್ಟುತ್ತಿರಲಿಲ್ಲ. ಡಿಪೋದಲ್ಲಿ ಬಸ್ಸಿನ ಸ್ಪ್ರಿಂಗ್ ಪಟ್ಟಿ ಕುಸಿದಿದೆಯೋ ಇಲ್ಲವೋ ಎಂದು ಅವರ ಗೇಣೇ ತೀರ್ಮಾನ ಮಾಡುತ್ತಿತ್ತು.

ಆದರೆ ಬೆಳಿಗ್ಗೆ ಮಾವನಿಗೆ ಏಳಲಾಗಲಿಲ್ಲ. ಸಿಮೆಂಟಿನ ಮೇಲೆ ಕೂತೆದ್ದು ಮಂಡಿ ಊದಿಕೊಂಡು ತೆಂಗಿನಕಾಯಿಯಾಗಿತ್ತು. ಗಂಡ ಆಗಲೇ ಮೀಟಿಂಗಿನಲ್ಲಿದ್ದ, ಅದು ಮುಗಿಯುವಾಗ ಒಂಬತ್ತೂವರೆ. ಉಳಿದವಳು ನಾನು. ಮಾವ ನನ್ನನ್ನು ಊಟದ ಮೇಜಿಗೆ ಕರೆದರು. ತಮ್ಮ ಬಲಗೈಯನ್ನು ಮೇಜಿನ ಮೇಲೆ ಅಗಲವಾಗಿ ಹರಡಿ, "ನಿನ್ನ ಕೈ ಬಾಜೂಕ ಇಡವಾ" ಎಂದರು. ಮಾವ ಸೊಸೆಯ ಕೈ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಒಂದಂಗುಲ ಬಿಟ್ಟು ನನ್ನ ಕೈಯನ್ನು ಇಟ್ಟೆ. ಅವರು ಬಗ್ಗಿ ಎರಡೂ ಕೈಗಳನ್ನು ನೋಡಿ, ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದರು.

"ನಿನ್ನ ಕೈಲೆ ಎರಡು ಗೇಣು, ಆರು ಬೆರಳು ಬರಬೇಕು. ಆರು ಬಂದ್ರ ಗಾಡಿ ನಿಂತಲ್ಲೇ ನಿಂತೈತಿ. ಕಮ್ಮಿ ಬಂತು ಅಂದ್ರ ಇಳದೈತಿ ಅಂತ ತಿಳಿ."

ಬೇಸ್‌ಮೆಂಟಿನಲ್ಲಿ ಯಾರೂ ಇರಲಿಲ್ಲ. ಮೊದಲ ಗಾಲಿಗೆ ಎರಡು ಗೇಣು, ಆರು ಬೆರಳು ಬಂತು. ಎರಡನೆಯದಕ್ಕೂ ಅಷ್ಟೇ. ನಾಲ್ಕೂ ಗಾಲಿಗಳನ್ನು ಎರಡೆರಡು ಸಲ ಅಳೆದೆ. ಎಡಗಡೆಯ ಹಿಂದಿನದನ್ನು ಮೂರನೆಯ ಸಲವೂ ಅಳೆದೆ, ಎಲ್ಲಾದರೂ ಒಂದು ಬೆರಳು ಕಡಿಮೆ ಬಂದೀತೇ ಎಂಬ ಆಸೆಯಿಂದ. ಬರಲಿಲ್ಲ. ಗಾಡಿ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಲಿಫ್ಟಿನ ನೆಲದಲ್ಲಿ ಅಂಟುಟೇಪಿನಿಂದ ನಾಲ್ಕು ಚೌಕ ಮಾಡಿದ್ದರು, ಚೌಕದಲ್ಲಿ ನಿಂತು ಗೋಡೆಗೆ ಮುಖ ಮಾಡಬೇಕೆಂಬ ನಿಯಮ. ಒಬ್ಬಳೇ ಇದ್ದರೂ ಹಾಗೆಯೇ ಗೋಡೆ ನೋಡುತ್ತ ನಿಂತೆ. ಮನೆಯ ಬಾಗಿಲು ತೆರೆಯುವವರೆಗೂ ನಿಜವನ್ನೇ ಹೇಳುವವಳಿದ್ದೆ, ಇದನ್ನು ದೇವರಾಣೆ ಮಾಡಿ ಹೇಳಬಲ್ಲೆ. ಮಾವ ಸ್ಟೂಲಿನ ಮೇಲೆ ಕಾಲು ಚಾಚಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಗಂಡ ಮೈಕು ಮುಚ್ಚಿ, ಕೋಣೆಯಿಂದ ಕತ್ತು ಹೊರಗೆ ಹಾಕಿದ. ಅವನ ಮುಖ ನೋಡಿದೆ. ಅದರಲ್ಲಿ ಎರಡು ವರ್ಷ ಕಾಣಿಸಿತು.

"ಮೂರು ಸರಿಯಾಗಿವೆ. ಎಡಗಡೆ ಹಿಂದಿನದು ನಾಲ್ಕೇ ಬೆರಳು ಬಂತು" ಎಂದೆ.

ಗಂಡ ಹಣೆ ಚಚ್ಚಿಕೊಂಡ. ಮಾವ, "ಎಡಗಡೆ ಹಿಂದಿಂದು?" ಎಂದು ಕೇಳಿದರು. ಹೂಂ ಎಂದೆ. "ನಾ ಭಾಳೊತ್ತು ಕಿವಿ ಇಟ್ಟಿದ್ದು ಅದಕ್ಕ ಅಲ್ಲಾ?" ಹೂಂ ಎಂದೆ. ಅವರು ಬಿಸಿನೀರಿನ ಚೀಲ ಪಕ್ಕಕ್ಕಿಟ್ಟು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಬ್ಯಾಡಪಾ, ಬಿಟ್ಟುಬಿಡು ಅದನ್ನ" ಎಂದು ಮಗನಿಗೆ ಹೇಳಿದರು. ಹತ್ತು ದಿನದ ಎರಡು ಕಾಲಮ್ಮುಗಳ ಲೆಕ್ಕ ಒಂದು ನಿಮಿಷದಲ್ಲಿ ಮುಗಿಯಿತು. ನನ್ನ ಎದೆಯ ಮೇಲಿಂದ ಚಪ್ಪಡಿ ಇಳಿಸಿದ ಹಾಗಾಯಿತು. ಆ ದಿನ ಪಾಯಸ ಮಾಡಿದೆ, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಬಂದ್ ಸಡಿಲವಾದ ವಾರ ಒಬ್ಬ ದಲ್ಲಾಳಿ ಬಂದು ಜೀಪು ಓಡಿಸಿಕೊಂಡು ಹೋದ. ಬಿಳಿಯ ತನ್ನ ದೇಶಕ್ಕೆ ಹೋದ. ನಾವು ಮೂವರು ಇದ್ದಲ್ಲಿಯೇ ಇದ್ದೆವು.

ಮಾವ ಬದಲಾದದ್ದು ನನಗೆ ಮೊದಲು ಗೊತ್ತಾದದ್ದು ಮಿಕ್ಸಿಯಿಂದ. ಎದುರುಮನೆಯ ಅಜ್ಜಿ ಮಾಸ್ಕು ಹಾಕಿಕೊಂಡು ಮಿಕ್ಸಿ ಹಿಡಿದು ಬಾಗಿಲಿಗೆ ಬಂದರು. "ಯಾರರ ತಿಳಿದವ್ರಿಗೆ ತೋರಸ್ರಿ ಅನ್ನವಾ ಅವರಿಗೆ" ಎಂದು ಮಾವ ಒಳಗಿನಿಂದಲೇ ಹೇಳಿ ಕಳಿಸಿದರು. ಬೇಸ್‌ಮೆಂಟಿಗೆ ಕರೆದರೆ ಮಂಡಿ ನೋವು ಎನ್ನುತ್ತಿದ್ದರು, ಮಂಡಿ ಎಂದೋ ವಾಸಿಯಾಗಿತ್ತು. ನಮ್ಮ ಅಡುಗೆಮನೆಯ ನಲ್ಲಿ ಮತ್ತೆ ತೊಟ್ಟಿಕ್ಕತೊಡಗಿತು. ಅವರು ಅದರ ಮುಂದೆಯೇ ನೀರು ಕುಡಿದು, ಲೋಟ ಇಟ್ಟು ಹೋಗುತ್ತಿದ್ದರು.

ತಡೆಯಲಾರದೆ ಒಂದು ಮಧ್ಯಾಹ್ನ, "ನಾನೇ ತಪ್ಪಾಗಿ ಅಳೆದಿರಬಹುದು ಮಾವ" ಎಂದೆ. ಅಷ್ಟೇ ನನ್ನ ಧೈರ್ಯ.

"ನಿನ್ನ ಕೈ ಏನ್ ಮಾಡೀತವಾ. ನಾ ಹೇಳಿದ್ದು ನೀ ಅಳದಿ. ಕಿವಿ ಇಟ್ಟು ಕೇಳಿದವ ನಾನು, ಸಾಬೂನು ಹಚ್ಚಿದವ ನಾನು. ನನಗ ತಿಳೀಲಿಲ್ಲ." ಕಿಟಕಿಯ ಕಡೆ ತಿರುಗಿ, "ಯಾವಾಗಿಂದ ತಿಳೀವಲ್ದೋ ಏನೋ" ಎಂದರು. "ನಿವೃತ್ತಿ ಆಗೂ ವರ್ಷ ಘಾಟ್ ರೂಟಿನ ಬಸ್ಸೆಲ್ಲಾ ನಾನ ಬಿಟ್ಟೀನಿ. ಈ ಕೈ ನಂಬಿ ಬಿಟ್ಟೀನಿ. ಅದರಾಗ ಎಷ್ಟ ಮಂದಿ ಕುಂತಿದ್ರೋ."

ನಾನು ಕದ್ದದ್ದು ಒಂದು ಜೀಪು ಎಂದುಕೊಂಡಿದ್ದೆ. ಅವರು ಅಡ್ಡಾಡುತ್ತ ಅಡ್ಡಾಡುತ್ತ ಮೂವತ್ತಾರು ವರ್ಷಗಳ ಒಂದೊಂದೇ ಬಸ್ಸನ್ನು ವಾಪಸು ಕರೆಸಿ ನೋಡುತ್ತಿದ್ದರು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಗಂಡ ಇನ್ನೊಂದು ಜೀಪು ನೋಡಿಟ್ಟಿದ್ದ, ಬೂದು ಬಣ್ಣದ್ದು. ಅಪ್ಪ ನೋಡಿ ಹೂಂ ಎಂದರೆ ಕೊಳ್ಳುವವನು, ಅಪ್ಪ "ನನ್ನ ಕೇಳಬ್ಯಾಡ" ಎನ್ನುತ್ತಿದ್ದುದರಿಂದ ಕೈ ಕಟ್ಟಿ ಕೂತಿದ್ದ. ಮಾವನ ಕೈ ವಾಪಸು ಕೊಟ್ಟರೆ ನನ್ನ ಜೂನ್ ಹೋಗುತ್ತಿತ್ತು. ಹೀಗೆ ದಿನಾ ಬೆಳಿಗ್ಗೆ ಅವರಿಗೆ ಚಹಾ ಕೊಡುವಾಗ ಹೇಳಬೇಕೆಂದುಕೊಂಡು, ಲೋಟ ಇಟ್ಟು ಬರುತ್ತಿದ್ದೆ. ಕಟ್ಟಡದ ಬಾಗಿಲಾದರೂ ವಾರಕ್ಕೊಮ್ಮೆ ಸಾಮಾನಿಗೆಂದು ತೆರೆಯುತ್ತಿತ್ತು, ಈ ಸುಳ್ಳಿಗೆ ಬಾಗಿಲೇ ಇರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ, ಒಂದು ಶುಕ್ರವಾರ ಗಂಡ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಕಾಂಟ್ರಾಕ್ಟ್ ಇನ್ನೆರಡು ವರ್ಷಕ್ಕೆ ಮುಂದುವರಿದಿತ್ತು. ಸಹಿ ಆಗಲೇ ಹಾಕಿದ್ದ, ಬೆರಳಿನಿಂದ ಸ್ಕ್ರೀನಿನ ಮೇಲೆ. "ಇಂಥಾ ಟೈಮಿನ್ಯಾಗ ಕೆಲಸ ಬಿಡ್ಲಿಕ್ಕೆ ಆಕೈತೇನು?" ಎಂದ. ಜೀಪು ಇಲ್ಲದೆಯೇ ಎರಡು ವರ್ಷ. ನಾನು ಕ್ಯಾಲೆಂಡರಿಗೆ ಗೀಟು ಹಾಕುವುದನ್ನು ಬಿಟ್ಟೆ. ಸುಳ್ಳಿಗೆ ಇದ್ದ ಒಂದೇ ಒಂದು ಕಾರಣವೂ ಹೋಯಿತು, ಸುಳ್ಳು ಉಳಿಯಿತು.

ಅದಾದ ಮೇಲೆ ಮಾವನಿಗೆ ಊರಿಗೆ ಹೋಗುವ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಹೊರತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಗಂಡ ಟ್ರಾಲಿ ಹುಡುಕಲು ಹೋದ. ಖಾಲಿ ರಸ್ತೆಯ ಬದಿಯಲ್ಲಿ ಮಾವ, ನಾನು, ಎರಡು ಸೂಟ್‌ಕೇಸು. ಅವರು ಮಾಸ್ಕಿನ ಮೇಲೆ ಪ್ಲಾಸ್ಟಿಕ್ ಮುಖಪರದೆ ಹಾಕಿಕೊಂಡಿದ್ದರು. ಗಂಡ ವಾಪಸು ಬರಲು ಎರಡು ಮೂರು ನಿಮಿಷ ಬೇಕು. ಈಗ ಬಿಟ್ಟರೆ ಇನ್ನಿಲ್ಲ ಎನ್ನಿಸಿತು.

"ಮಾವ, ಅವತ್ತು ಗಾಡಿ ಇಳಿದಿರಲಿಲ್ಲ" ಎಂದೆ. "ಆರೇ ಬೆರಳು ಬಂದಿತ್ತು. ನಾನು ಸುಳ್ಳು ಹೇಳಿದೆ."

ಅವರು ನನ್ನನ್ನು ನೋಡಲಿಲ್ಲ. "ನಾಲ್ಕಕ್ಕೂ?" ಎಂದು ಕೇಳಿದರು.

"ನಾಲ್ಕಕ್ಕೂ."

"ಎಡಗಡೆ ಹಿಂದಿಂದು?"

"ಅದನ್ನು ಮೂರು ಸಲ ಅಳೆದೆ. ಆರೇ."

"ಅಂದ್ರ ನಾ ಹೇಳಿದ್ದು ಬರೋಬ್ಬರಿ ಇತ್ತು."

"ಹೌದು ಮಾವ."

ಅವರ ಭುಜಗಳು ಅಲುಗತೊಡಗಿದವು. ನಗುತ್ತಿದ್ದಾರೆಂದು ಮೊದಲು ಅಂದುಕೊಂಡೆ. ಮುಖಪರದೆಯ ಒಳಗೆಲ್ಲ ಮಂಜು ಕಟ್ಟಿತು, ಒರೆಸಿಕೊಳ್ಳಲು ಅವರಿಗೆ ಆಗಲಿಲ್ಲ. ಸಾವರಿಸಿಕೊಂಡು, "ಯಾಕವಾ?" ಎಂದರು.

ಹೇಳಿದೆ. ಕಾಲೇಜು, ರಜೆ, ಜೂನ್ ತಿಂಗಳು, ಎರಡು ವರ್ಷ. ಎಲ್ಲವನ್ನೂ ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಷ್ಟು ತಿಂಗಳು ಒಂದೇ ಸೂರಿನ ಕೆಳಗೆ, ದಿನಕ್ಕೆ ಮೂರು ಹೊತ್ತು ಎದುರು ಬದುರು ಕೂತು ಉಂಡವರಿಗೆ ಅದನ್ನು ಹೇಳಿದ್ದು ಅದೇ ಮೊದಲು. ದೂರದಲ್ಲಿ ಗಂಡ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದ.

"ಹುಚ್ಚವ್ವಾ" ಎಂದರು ಮಾವ. "ಊರಿಗೆ ಹೋಗಬೇಕಾಗೈತಿ ಅಂತ ನನಗ ಒಂದ ಮಾತು ಅಂದಿದ್ರ, ಗಾಡಿ ಸರಿ ಇಲ್ಲ ಅಂತ ಆ ಸಂಜೀನ ನಾನ ಸುಳ್ಳು ಹೇಳ್ತಿದ್ದೆ."

ಗಂಡ ಬಂದು ಸೂಟ್‌ಕೇಸುಗಳನ್ನು ಟ್ರಾಲಿಗೆ ಏರಿಸಿದ. ಮಾವ ಅದನ್ನು ತಳ್ಳಿಕೊಂಡು, ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದರು.